ಎರಡು ಹಳೇ ಟೀ ಶರ್ಟ್, ಒಂದು ಎರಡು ಬಣ್ಣದ ವೇಷ

ಮಗಳಿಗೆ ಶಾಲೆಯ ನಾಟಕದಲ್ಲಿ ಅರ್ಧ ಹಗಲು, ಅರ್ಧ ರಾತ್ರಿಯ ಪಾತ್ರ. ಬಲಗಡೆ ಹಳದಿ, ಎಡಗಡೆ ಕಡುನೀಲಿ. ಬಿಳಿ ಬಟ್ಟೆಗೆ ಬಣ್ಣ ಬಳಿದರೆ ಸಾಕು ಅಂತ ಹಲವರು ಹೇಳಿದರು. ನನಗೆ ಅದು ಹಿಡಿಸಲಿಲ್ಲ. ಟೀ ಶರ್ಟ್ ಬಟ್ಟೆ ಎಳೆದಾಗ ಹಿಗ್ಗುತ್ತದೆ, ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಟೇಪ್ ಅಂಟಿಸಿ ಬಳಿದರೂ ನಡುವಿನ ಗೆರೆ ಅಲ್ಲಲ್ಲಿ ಹರಡಿಕೊಳ್ಳುತ್ತದೆ. ಎರಡು ಬಣ್ಣದ ವೇಷದಲ್ಲಿ ಎಲ್ಲರ ಕಣ್ಣು ಹೋಗುವುದು ಆ ಗೆರೆಯ ಮೇಲೇ ಅಲ್ವಾ? ಅದಕ್ಕೇ ಹೊಲಿಯೋಣ ಅಂದುಕೊಂಡೆ.

ಮನೆಯಲ್ಲಿದ್ದ ಹಳೇ ಬಟ್ಟೆಗಳಲ್ಲೇ ಒಂದೇ ಅಳತೆಯ ಎರಡು ಟೀ ಶರ್ಟ್ ಆರಿಸಿದೆ. ಎರಡೂ ಒಂದೇ ಕಂಪನಿಯವಾದರೆ ಇನ್ನೂ ಒಳ್ಳೆಯದು, ಕುತ್ತಿಗೆ ಪಟ್ಟಿಯ ಅಗಲ ಸರಿಹೊಂದುತ್ತದೆ. ಬಣ್ಣ ಆರಿಸಲು ಒಂದು ಸುಲಭ ಉಪಾಯವಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಥರ ಬೂದು ಬಣ್ಣಕ್ಕೆ ಕಂಡರೆ ದೂರದಿಂದ ವ್ಯತ್ಯಾಸ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಟೀ ಶರ್ಟನ್ನು ಭುಜಕ್ಕೆ ಭುಜ, ತೋಳಿಗೆ ತೋಳು ಸೇರಿಸಿ ಉದ್ದಕ್ಕೆ ಮಡಚಿ ಇಸ್ತ್ರಿ ಹಾಕಿದೆ. ಆ ಮಡಿಕೆಯೇ ಕತ್ತರಿಸುವ ಗೆರೆ. ಪಕ್ಕದ ಹೊಲಿಗೆಯನ್ನು ನಂಬಬೇಡಿ. ಒಗೆದು ಒಗೆದು ಅದು ತಿರುಚಿಕೊಂಡಿರುತ್ತದೆ. ಮುಂದೆ, ಹಿಂದೆ ಎರಡೂ ಕಡೆ ಕತ್ತರಿಸಿದ ಮೇಲೆ ಹಳದಿಯ ಬಲ ಭಾಗ, ನೀಲಿಯ ಎಡ ಭಾಗ ಜೋಡಿಸಿದೆ. ಉಳಿದ ಎರಡು ಭಾಗಗಳಿಂದ ಇನ್ನೊಂದು ವೇಷ ಪುಕ್ಕಟೆ! ಅದರಲ್ಲಿ ಬಣ್ಣ ಅದಲು ಬದಲು, ಅಷ್ಟೇ.

ಪ್ರತಿ ಅಂಚಿನಲ್ಲಿ 1 ಸೆಂ.ಮೀ. ಹೊಲಿಗೆಗೆ ಹೋಗುತ್ತದೆ. ಮುಂದೆ 2, ಹಿಂದೆ 2, ಒಟ್ಟು ಸುತ್ತಳತೆಯಲ್ಲಿ 4 ಸೆಂ.ಮೀ. ಕಮ್ಮಿಯಾಗುತ್ತದೆ. ಹಾಗಾಗಿ ಸ್ವಲ್ಪ ಸಡಿಲವಾದ ಟೀ ಶರ್ಟೇ ಇರಲಿ. ಕುತ್ತಿಗೆಯೂ ಅಷ್ಟೇ ಬಿಗಿಯಾಗುತ್ತದೆ, ತಲೆ ತೂರುವುದು ಕಷ್ಟ. ನಾನು ಬೆನ್ನಿನ ಮೇಲ್ಭಾಗದಲ್ಲಿ ಗೇಣುದ್ದ ಹೊಲಿಯದೆ ಬಿಟ್ಟು, ಅಂಚು ಮಡಚಿ, ಪ್ರೆಸ್ ಬಟನ್ ಹಾಕಿದೆ.

ಹೊಲಿಯುವಾಗ ಮೊದಲು ಕುತ್ತಿಗೆ ಪಟ್ಟಿಗೆ ಪಿನ್ ಚುಚ್ಚಿ, ಆಮೇಲೆ ಕೆಳಗಿನ ಅಂಚಿಗೆ, ಕೊನೆಗೆ ನಡುವೆ. ಕುತ್ತಿಗೆ ಹತ್ತಿರ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಎದ್ದು ಕಾಣುತ್ತದೆ. ಮಷಿನ್‌ನಲ್ಲಿ ಸಣ್ಣ ಜಿಗ್‌ಜಾಗ್ ಹೊಲಿಗೆ ಇಟ್ಟುಕೊಳ್ಳಿ, ನೇರ ಹೊಲಿಗೆ ಬಟ್ಟೆ ಹಿಗ್ಗಿದಾಗ ಪಟ್ ಅಂತ ಕಿತ್ತುಬರಬಹುದು. ಯಾವ ಬಣ್ಣದ ದಾರ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ ಹಳದಿ, ಬಾಬಿನ್‌ಗೆ (ಮಷಿನ್‌ನ ಕೆಳಗಿನ ದಾರದ ಉರುಳೆ) ನೀಲಿ ಹಾಕಿ, ಹಳದಿ ಬಟ್ಟೆ ಮೇಲ್ಗಡೆ ಬರುವಂತೆ ಹೊಲಿದೆ. ಮಷಿನ್ ಇಲ್ಲದಿದ್ದರೆ ಕೈಯಲ್ಲೇ ಹಿಂದಕ್ಕೊಂದು ಮುಂದಕ್ಕೊಂದು ಹೊಲಿಗೆ ಹಾಕಿ, ದಾರ ಬಿಗಿ ಎಳೆಯಬೇಡಿ.

ಪೈಜಾಮದ ಕೆಲಸ ನನಗೆ ತುಂಬಾ ಇಷ್ಟವಾಯಿತು, ಕತ್ತರಿಯೇ ಬೇಡ. ಎರಡು ಕಾಲುಗಳನ್ನು ಸೇರಿಸುವ ಹೊಲಿಗೆ ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ನಡುವಲ್ಲೇ ಇರುತ್ತದೆ. ಸೊಂಟದ ಎಲಾಸ್ಟಿಕ್ ತೆಗೆದು, ಆ ಹೊಲಿಗೆಯನ್ನಷ್ಟೇ ಬಿಚ್ಚಿ, ಎರಡು ಪೈಜಾಮಗಳ ಒಂದೊಂದು ಕಾಲು ಬದಲಾಯಿಸಿದೆ. ಹಳೇ ಗೆರೆಯ ಮೇಲೇ ಹೊಲಿದರೆ ಅಳತೆ ಕಮ್ಮಿಯಾಗುವುದಿಲ್ಲ. ಕಾಲು ಸೇರುವ ಜಾಗದಲ್ಲಿ ಮಾತ್ರ ಎರಡು ಸಲ ಹೊಲಿಯಿರಿ. ಮಕ್ಕಳು ಕುಕ್ಕರುಗಾಲಲ್ಲಿ ಕೂರುತ್ತಾರಲ್ಲ.

ಮೇಲೊಂದು ಕೆಳಗೊಂದು ಬಣ್ಣ ಅದಲಿಬದಲಿ ಮಾಡಿದರೆ ವಿದೂಷಕನ ವೇಷದ ಹಾಗೆ ಕಾಣುತ್ತದೆ. ನಗೆನಾಟಕಕ್ಕೆ ಚೆನ್ನ. ನಮಗೆ ಒಂದು ಪಕ್ಕ ಪೂರ್ತಿ ಒಂದೇ ಬಣ್ಣ ಬೇಕಿತ್ತು. ಮಗಳು ಬಲ ಪಕ್ಕ ತೋರಿಸಿ ನಿಂತರೆ ಬರೀ ಹಗಲು, ತಿರುಗಿದರೆ ರಾತ್ರಿ. ಹೊಲಿಯುವ ಮೊದಲೇ ಯಾವ ಪಕ್ಕ ಯಾವ ಬಣ್ಣ ಅಂತ ನಾಟಕ ಕಲಿಸುವವರನ್ನು ಕೇಳಿಕೊಳ್ಳಿ.

ಹಾಂ, ಕತ್ತರಿ ಹಿಡಿಯುವ ಮುಂಚೆ ಕಡುಬಣ್ಣದ ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ ಮೊದಲು ಅದೊಂದನ್ನೇ ಬಣ್ಣ ಬಿಡುವುದು ನಿಲ್ಲುವವರೆಗೂ ಒಗೆಯಬೇಕು. ಹೊಲಿದಾದ ಮೇಲೆ ಬೇರೆ ಬೇರೆ ಒಗೆಯಲು ಆಗುವುದಿಲ್ಲವಲ್ಲ!