ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಬೆನ್ನು, ನಿದ್ದೆ, ಮನಸ್ಸು

ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆಯವರನ್ನು ಸಕಲೇಶಪುರದ ಹತ್ತಿರದ ನಮ್ಮ ಮನೆಯಲ್ಲಿ ಮೂರು ವರ್ಷ ನೋಡಿಕೊಂಡೆ. ಮೊದಲ ವರ್ಷ ಕಳೆಯುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡು, ಅವರಿಗೆ ಗಂಜಿ ಕುಡಿಸಲು ಕೂರುವುದೂ ಕಷ್ಟವಾಯಿತು. ಆರೈಕೆ ಮಾಡುವವರು ಬಿದ್ದರೆ ಮಲಗಿದವರ ಗತಿಯೇನು? ಆದ್ದರಿಂದ ಬೆನ್ನಿನಿಂದಲೇ ಆರಂಭಿಸುತ್ತೇನೆ.

ಬಗ್ಗಿ, ಸೊಂಟ ತಿರುಚಿ ಎಳೆದಾಗ ಬೆನ್ನಿಗೆ ಹೆಚ್ಚು ಪೆಟ್ಟಾಗುತ್ತದೆ. ಮಂಚದ ಕಾಲುಗಳ ಕೆಳಗೆ ಜಾರದಂತೆ ಕುಳಿ ಕೊರೆದ ಮರದ ದಿಮ್ಮಿಗಳನ್ನಿಟ್ಟು ಹಾಸಿಗೆಯನ್ನು ನಿಮ್ಮ ಸೊಂಟದ ಎತ್ತರಕ್ಕೆ ತನ್ನಿರಿ. ಉರುಳುವ ಭಯವಿದ್ದರೆ ಎರಡೂ ಬದಿಗೆ ತಡೆ ಕಟ್ಟಿಸಿ. ತಿರುಗಿಸುವಾಗ, ಅವರು ಯಾವ ಕಡೆಗೆ ತಿರುಗಬೇಕೋ ಆ ಕಡೆಯಲ್ಲಿ ನಿಲ್ಲಿ. ಆಚೆ ಬದಿಯ ಮೊಣಕಾಲನ್ನು ಮಡಿಸಿ, ಆಚೆಯ ಕೈಯನ್ನು ಎದೆಯ ಮೇಲಿಟ್ಟು, ನಿಮ್ಮ ಒಂದು ಕೈಯನ್ನು ಅವರ ಭುಜದ ಹಿಂದೆ, ಇನ್ನೊಂದನ್ನು ಸೊಂಟದ ಹಿಂದೆ ಕೊಟ್ಟು, ಮುಂದಿಟ್ಟ ಕಾಲಿನಿಂದ ಹಿಂದಿನ ಕಾಲಿಗೆ ನಿಮ್ಮ ಭಾರವನ್ನು ಸರಿಸುತ್ತಾ ನಿಮ್ಮ ಕಡೆಗೆ ಹೊರಳಿಸಿಕೊಳ್ಳಿ. ಲಕ್ವ ಹೊಡೆದ ಕೈಯನ್ನು ಮಾತ್ರ ಎಂದಿಗೂ ಹಿಡಿದೆಳೆಯಬೇಡಿ. ಭುಜದ ಕೀಲು ಸಡಿಲಗೊಳ್ಳುತ್ತದೆ. ದಿಂಬಿನ ಕಡೆಗೆ ಮೇಲೆ ಸರಿಸುವುದು ಇಬ್ಬರ ಕೆಲಸ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಭುಜದಿಂದ ತೊಡೆಯವರೆಗೆ ಹಾಸಿರಿ; ಅದರ ಎರಡು ಅಂಚನ್ನು ಸುರುಳಿ ಸುತ್ತಿ ಹಿಡಿದು ಇಬ್ಬರೂ ಒಟ್ಟಿಗೆ ಸರಿಸಿದರೆ ಅವರ ಚರ್ಮವೂ ಉಜ್ಜಿಹೋಗುವುದಿಲ್ಲ.

ಹಾಸಿಗೆ ಹುಣ್ಣಾಗದಂತೆ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆನ್ನುತ್ತಾರೆ. ಇದನ್ನು ಒಬ್ಬರೇ ರಾತ್ರಿಯಿಡೀ ಮಾಡಿದರೆ ನಿದ್ದೆ ಉಳಿಯದು. ಒತ್ತಡ ಒಂದೇ ಕಡೆ ಬೀಳದಂತೆ ಗಾಳಿ ತುಂಬುವ ಹಾಸಿಗೆ (ಏರ್ ಬೆಡ್) ಹಾಕಿದರೆ ರಾತ್ರಿ ಎಷ್ಟು ಹೊತ್ತು ಬಿಡಬಹುದೆಂದು ವೈದ್ಯರನ್ನು ಕೇಳಿ. ನಮ್ಮಲ್ಲಿ ರಾತ್ರಿ 1 ಗಂಟೆಯವರೆಗೆ ಯಜಮಾನರು, ಆಮೇಲೆ ನಾನು ಎಂದು ಹಂಚಿಕೊಂಡೆವು. ಬೆಳಗ್ಗೆ ಮೈ ಒರೆಸುವಾಗ ಹಿಮ್ಮಡಿ, ಸೊಂಟದ ಮೂಳೆಯ ಭಾಗಗಳನ್ನು ನೋಡಿ; ಬೆರಳಿನಿಂದ ಒತ್ತಿದರೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗುತ್ತಿದೆಯೆಂದೇ ಅರ್ಥ.

ನೆಂಟರು "ಏನಾದರೂ ಬೇಕಾದರೆ ಹೇಳಿ" ಎಂದು ಹೇಳಿ ಹೋಗುತ್ತಾರೆ. ಅಲ್ಲಿಯೇ ನಿಲ್ಲಿಸಿ ಹೇಳಿಬಿಡಿ. ತಿಂಗಳಲ್ಲಿ ಎರಡು ಭಾನುವಾರ ಬೆಳಗ್ಗೆ ಬಂದು ಸಂಜೆಯವರೆಗೆ ಇರಬೇಕೆಂದು ನಾನು ನಾದಿನಿಯನ್ನು ಕೇಳಿದೆ. ಅವರು ತಪ್ಪದೆ ಬಂದರು. ಕಾಫಿ ಕೊಯ್ಲು ಶುರುವಾದ ಮೇಲೆ ಯಾರ ಕೈಯೂ ಬಿಡುವಿರುವುದಿಲ್ಲ, ಆದ್ದರಿಂದ ಡಿಸೆಂಬರ್‌ಗೆ ಮುಂಚೆಯೇ ಸರದಿ ಗೊತ್ತುಮಾಡಿಕೊಳ್ಳಿ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಬಚ್ಚಲೊಲೆಯ ಪಕ್ಕದಲ್ಲಿಯೇ ದಿನ ಕಳೆಯುತ್ತದೆ. ಯಾರಾದರೂ ಒಗೆತದ ಕೆಲಸವನ್ನು ಹಂಚಿಕೊಂಡರೂ ಅದು ದೊಡ್ಡ ಉಪಕಾರ.

ಸಿಟ್ಟು ಬರುತ್ತದೆ. ಒಮ್ಮೆ ಅತ್ತೆಯವರು ಗಂಜಿ ಉಗುಳಿದಾಗ ನಾನು ಬಟ್ಟಲನ್ನು ಕುಕ್ಕಿ, ಅಂಗಳದಲ್ಲಿ ನಿಂತು ಅತ್ತುಬಿಟ್ಟೆ. ಅಂಥ ಹೊತ್ತಿನಲ್ಲಿ ಅವರನ್ನು ಬೀಳದಂತೆ ಮಲಗಿಸಿ, ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ, ಅದು ಕರ್ತವ್ಯಲೋಪವಲ್ಲ. ಎರಡು ವಾರವಾದರೂ ನಿದ್ದೆ, ಹಸಿವು ಸರಿಯಾಗದೆ ಅಳು ನಿಲ್ಲದಿದ್ದರೆ ವೈದ್ಯರನ್ನು ಕಾಣಿರಿ. ಸಾಯಬೇಕೆಂದೋ ಅವರ ಮೇಲೆ ಕೈಮಾಡಬೇಕೆಂದೋ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಅವರನ್ನು ಹಾಸನಕ್ಕೋ ಚಿಕ್ಕಮಗಳೂರಿಗೋ ಆಸ್ಪತ್ರೆಗೆ ಕರೆದೊಯ್ದ ದಿನ, ಅದೇ ಓಡಾಟದಲ್ಲಿ ನಿಮ್ಮ ಬಿಪಿ, ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ.