ಇಬ್ಬರೇ ಕೂತು ಆಡುವ ಸಂಜೆಗೆ ಆಟ ಆರಿಸುವುದು ಹೇಗೆ

ಬೋರ್ಡ್ ಗೇಮ್ ಪೆಟ್ಟಿಗೆಯ ಮೇಲೆ ‘2–4 ಜನ’ ಎಂದು ಅಚ್ಚಾಗಿದ್ದರೆ ಇಬ್ಬರು ಆಡಬಹುದು ಎಂದಷ್ಟೇ ಅರ್ಥ. ಇಬ್ಬರಿಗೆ ಚೆನ್ನಾಗಿರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ನಾಲ್ಕು ಜನ ಸೇರಿದಾಗ ರಂಗೇರುವ ಎಷ್ಟೋ ಆಟಗಳು ಇಬ್ಬರ ಕೈಯಲ್ಲಿ ಸಪ್ಪೆಯಾಗುತ್ತವೆ. ಚೌಕಾಸಿ, ಅದಲುಬದಲು, ಹರಾಜು ಇವೇ ಜೀವಾಳವಾದ ಆಟಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಎದುರಿನವರಿಗೆ ಆದ ಲಾಭವೆಲ್ಲ ನಿಮ್ಮ ನಷ್ಟವೇ ಆಗಿರುವಾಗ ವ್ಯಾಪಾರಕ್ಕೆ ಒಪ್ಪುವವರು ಯಾರು? ಸರಕು ಅದಲುಬದಲಿನ ಕಟಾನ್ ಆಟದ ಮೂಲ ಪೆಟ್ಟಿಗೆಯಂತೂ 3–4 ಜನಕ್ಕೆಂದೇ ಬರುತ್ತದೆ.

ಕೊಳ್ಳುವ ಮೊದಲು ನಿಯಮ ಪುಸ್ತಕ ನೋಡಿ. ಬಹಳಷ್ಟು ಪ್ರಕಾಶಕರು ಅದನ್ನು ತಮ್ಮ ಜಾಲತಾಣದಲ್ಲಿ ಪಿಡಿಎಫ್ ಆಗಿ ಇಟ್ಟಿರುತ್ತಾರೆ. ಅದರಲ್ಲಿ ‘ಇಬ್ಬರು ಆಡುವಾಗ’ ಎಂಬ ಭಾಗ ಹುಡುಕಿ. ಕೆಲವು ಎಲೆ ಅಥವಾ ಬಿಲ್ಲೆ ತೆಗೆದಿಡಿ ಎಂದಷ್ಟೇ ಇದ್ದರೆ ಸರಿ. ಇಲ್ಲದ ಮೂರನೆಯವನನ್ನು ಕಲ್ಪಿಸಿಕೊಂಡು ಅವನ ಪರವಾಗಿಯೂ ಕಾಯಿ ನಡೆಸಿ ಎಂದು ಅರ್ಧ ಪುಟ ಬರೆದಿದ್ದರೆ ಬೇರೆ ಆಟ ನೋಡಿ. ದಿನದ ಕೆಲಸ ಮುಗಿಸಿ ಕೂತವರಿಗೆ ಆ ಬೊಂಬೆಯನ್ನು ಆಡಿಸುವುದು ಇನ್ನೊಂದು ಕೆಲಸ. ಬೋರ್ಡ್‌ಗೇಮ್‌ಗೀಕ್ ತಾಣದಲ್ಲಿ ಪ್ರತಿ ಆಟಕ್ಕೂ ಎಷ್ಟು ಜನರಿದ್ದರೆ ಚೆನ್ನ ಎಂದು ಆಡಿದವರೇ ಹಾಕಿದ ಮತಗಳಿವೆ, 5ಕ್ಕೆ ಇಷ್ಟು ಎಂದು ಕ್ಲಿಷ್ಟತೆಯ ಅಂಕವೂ ಇದೆ. ಒಟ್ಟಾರೆ ರೇಟಿಂಗ್‌ಗಿಂತ ಈ ಎರಡು ಹೆಚ್ಚು ಕೆಲಸಕ್ಕೆ ಬರುತ್ತವೆ. ಶುರುವಿಗೆ 2ರ ಆಸುಪಾಸಿನ ಕ್ಲಿಷ್ಟತೆ ಸಾಕು.

ಗಂಟೆ, ಮೇಜು, ಬೆಳಕು

ಪೆಟ್ಟಿಗೆಯ ಮೇಲಿನ ‘30 ನಿಮಿಷ’ ಆಟ ಬಲ್ಲವರ ಲೆಕ್ಕ. ಮೊದಲ ಸಲ ಅದರ ಎರಡರಷ್ಟು ಹಿಡಿಯುತ್ತದೆ, ಜೋಡಿಸುವುದಕ್ಕೆ ಇನ್ನೊಂದು ಹತ್ತು ನಿಮಿಷ. ಹಾಗಾಗಿ ಊಟ ಮುಗಿಸಿ ಒಂದೂವರೆ ಗಂಟೆ ಇದೆ ಎಂದಾದರೆ 45 ನಿಮಿಷದ ಒಂದು ಆಟ ತೆಗೆಯುವ ಬದಲು 20 ನಿಮಿಷದ ಆಟವನ್ನು ಮೂರು ಸಲ ಆಡುವುದು ವಾಸಿ. ಸೋತವರಿಗೆ ‘ಇನ್ನೊಂದು ಸಲ’ ಎನ್ನಲು ಸಮಯ ಉಳಿದಿರಬೇಕು. ಇಬ್ಬರ ಆಟದಲ್ಲಿ ಇದು ಸಣ್ಣ ವಿಷಯವಲ್ಲ.

ಜಾಗವನ್ನೂ ಅಳೆಯಿರಿ. ತುಂಡು ಜೋಡಿಸುವ ಆಟ ಪ್ಯಾಚ್‌ವರ್ಕ್‌ನ ಪೆಟ್ಟಿಗೆ ಚಿಕ್ಕದು, ಆದರೆ ಅದರ 33 ತುಂಡುಗಳನ್ನು ಸುತ್ತಲೂ ವೃತ್ತವಾಗಿ ಹರಡಬೇಕು, ನಡುವೆ ಮೂರು ಹಲಗೆ ಇಡಬೇಕು. ಟೀಪಾಯಿ ಸಾಲದು. ಹಾಸಿಗೆಯ ಮೇಲೆ ಎಲೆ ಆಟ ನಡೆದೀತು, ಬಿಲ್ಲೆ ಜೋಡಿಸುವ ಆಟ ನಡೆಯದು: ಒಬ್ಬರು ಮಗ್ಗುಲಾದರೆ ಎಲ್ಲ ಜಾರುತ್ತದೆ. ಇದಕ್ಕೆ ಅಪವಾದ ಹೈವ್. ಹಲಗೆಯೇ ಇಲ್ಲದ, ಒಬ್ಬೊಬ್ಬರಿಗೆ 11 ದಪ್ಪ ಕಾಯಿಗಳ ಆಟ, ಎಲ್ಲಿ ಬೇಕಾದರೂ ಹೂಡಬಹುದು.

ಬೆಳಕಿನ ಮಾತು ಯಾರೂ ಹೇಳುವುದಿಲ್ಲ. ಮಂದ ಹಳದಿ ದೀಪದಡಿ ಹಳದಿ ಎಲೆಯೂ ಬಿಳಿ ಎಲೆಯೂ ಒಂದೇ ಥರ ಕಾಣುತ್ತವೆ. ಬಣ್ಣದ ಮೇಲೆ ನಿಂತ ಆಟವಾದರೆ ಎಲೆಯ ಮೂಲೆಯಲ್ಲಿ ಬಣ್ಣಕ್ಕೊಂದು ಗುರುತೂ ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ದೊಡ್ಡ ದೀಪವನ್ನೇ ಹಾಕಿಕೊಳ್ಳಿ.

ಸೋತರೆ ಎಲ್ಲಿ ನೋಯುತ್ತದೆ

ಆಟ ಮುಗಿದ ಮೇಲೂ ಒಂದೇ ಮನೆಯಲ್ಲಿ ಇರಬೇಕಾದವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಸೋಲುವುದು ಯಾರಿಗೂ ಅಷ್ಟು ಕಷ್ಟವಲ್ಲ, ಹೇಗೆ ಸೋತೆವು ಎಂಬುದು ಚುಚ್ಚುತ್ತದೆ. ಚೆಸ್‌ನಲ್ಲಿ, ಹೈವ್‌ನಲ್ಲಿ ಅದೃಷ್ಟದ ಪಾಲಿಲ್ಲ. ಸೋತರೆ ತಪ್ಪೆಲ್ಲ ನಿಮ್ಮದೇ. ಇಬ್ಬರ ಅನುಭವ ಸಮವಿದ್ದರೆ ಇದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ. ಒಬ್ಬರು ಐವತ್ತು ಸಲ ಆಡಿ ಇನ್ನೊಬ್ಬರು ಐದು ಸಲ ಆಡಿದ್ದರೆ ಮಾತ್ರ ಮೂರನೇ ಸಂಜೆಗೇ ಪೆಟ್ಟಿಗೆ ಅಟ್ಟ ಸೇರುತ್ತದೆ.

ನೇರವಾಗಿ ಹೊಡೆಯದ ಆಟದಲ್ಲೂ ಒಳಗೊಳಗೇ ಏಟು ಇರುತ್ತದೆ. ಹೆಂಚು ಜೋಡಿಸುವ ಆಟ ಅಜುಲ್ ನೋಡಲು ಚಂದ, ಹೆಂಚುಗಳು ಕೈಗೆ ಹಿತ, 2018ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿಯೂ ಬಂತು. ಇಬ್ಬರೇ ಆಡುವಾಗ ಅದು ಹರಿತವಾಗುತ್ತದೆ. ಐದು ತಟ್ಟೆಗಳಲ್ಲಿ ನಾಲ್ಕು ನಾಲ್ಕು ಹೆಂಚು. ಸುತ್ತಿನ ಕೊನೆಗೆ ಎದುರಿನವರಿಗೆ ಬೇಡದ ಬಣ್ಣದ ರಾಶಿಯನ್ನೇ ಉಳಿಸುವಂತೆ ಲೆಕ್ಕ ಹಾಕಬಹುದು. ಇಡಲು ಜಾಗವಿಲ್ಲದ ಹೆಂಚುಗಳು ನೆಲದ ಸಾಲಿಗೆ ಬಿದ್ದು −1, −1, −2, −2, −2, −3, −3 ಎಂದು ಕಳೆಯುತ್ತ ಹೋಗುತ್ತವೆ. ಒಂದೇ ಸಲಕ್ಕೆ 14 ಅಂಕ ಹೋಗಬಹುದು. ಮೊದಲ ಆಟದಲ್ಲಿ ಹೀಗೆ ಸಿಕ್ಕಿಸಬೇಡಿ. ಸಿಕ್ಕಿಸಲು ಬರುತ್ತದೆ ಎಂಬುದನ್ನಂತೂ ಮೊದಲೇ ಹೇಳಿಡಿ.

ಸೆವೆನ್ ವಂಡರ್ಸ್ ಡ್ಯುಯೆಲ್‌ಗೂ ಇದೇ ಎಚ್ಚರಿಕೆ. ಅದು ಇಬ್ಬರಿಗೆಂದೇ ಕಡೆದ ಆಟ. ಆದರೆ ಎದುರಿನವರು ಆರು ಬೇರೆ ಬೇರೆ ವಿಜ್ಞಾನದ ಚಿಹ್ನೆ ಕೂಡಿಸಿದರೂ, ಸೈನ್ಯವನ್ನು ನಿಮ್ಮ ರಾಜಧಾನಿಯವರೆಗೆ ತಳ್ಳಿದರೂ ಆಟ ಅಲ್ಲಿಗೇ ಮುಗಿಯುತ್ತದೆ, ಅಂಕ ಎಣಿಸುವ ಮಾತೇ ಇಲ್ಲ. ಇದು ಗೊತ್ತಿಲ್ಲದೆ ಅಂಕ ಕೂಡಿಸುತ್ತ ಕೂತವರಿಗೆ ಬೆನ್ನಿಗೆ ಬಿದ್ದ ಏಟಿನಂತಾಗುತ್ತದೆ.

ಮೆತ್ತಗಿನದು ಬೇಕೆಂದರೆ ಪ್ಯಾಚ್‌ವರ್ಕ್. ಊವೆ ರೋಸೆನ್‌ಬರ್ಗ್ 2014ರಲ್ಲಿ ಮಾಡಿದ್ದು. ಕೌದಿ ಹೊಲಿದಂತೆ 9×9 ಮನೆಗಳ ನಿಮ್ಮ ಹಲಗೆಯನ್ನು ಬಟ್ಟೆ ತುಂಡುಗಳಿಂದ ತುಂಬಬೇಕು. ಪ್ರತಿ ತುಂಡಿಗೂ ಎರಡು ಬೆಲೆ, ಇಷ್ಟು ಗುಂಡಿ, ಇಷ್ಟು ಸಮಯ. ಸಮಯದ ದಾರಿಯಲ್ಲಿ ಯಾರು ಹಿಂದಿದ್ದಾರೋ ಅವರದೇ ಸರದಿ, ಆದ್ದರಿಂದ ಕಡಿಮೆ ಸಮಯದ ತುಂಡು ಕೊಂಡವರಿಗೆ ಮತ್ತೆ ಅವರದೇ ಸರದಿ ಬರಬಹುದು. ಹೊಸಬರು ಎಡವುವುದು ಇಲ್ಲೇ: ‘ಈಗ ನಂದು’ ಎಂದು ಕೈ ಹಾಕುತ್ತಾರೆ. ಜೋಡಿಸುವಾಗ ಇನ್ನೊಂದು ತಪ್ಪಾಗುತ್ತದೆ: ಆರಂಭದ ಗೊಂಬೆಯನ್ನು ಎಲ್ಲೋ ಇಟ್ಟುಬಿಡುತ್ತಾರೆ. ಎರಡೇ ಮನೆಯ ಅತಿ ಚಿಕ್ಕ ತುಂಡನ್ನು ಹುಡುಕಿ, ಪ್ರದಕ್ಷಿಣೆಯಾಗಿ ಅದರ ಮುಂದಿನ ಸಂದಿನಲ್ಲಿ ಇಡಬೇಕು. ಕೊನೆಗೆ ಪ್ರತಿ ಖಾಲಿ ಮನೆಗೂ −2. ಏನೂ ತುಂಬದ ಹಲಗೆ ಎಂದರೆ −162, ಹಾಗಾಗಿ ಮೊದಲ ಆಟದಲ್ಲಿ ಒಟ್ಟು ಅಂಕ ಸೊನ್ನೆಗಿಂತ ಕೆಳಗೆ ನಿಂತರೆ ಮುಖ ಬಾಡಿಸಬೇಕಿಲ್ಲ.

ಲಾಸ್ಟ್ ಸಿಟೀಸ್: ಒಂದು ಆಟದ ಲೆಕ್ಕ

ಎಲೆ ಆಟ ಗೊತ್ತಿರುವ, ಹಲಗೆ ಆಟ ಗೊತ್ತಿಲ್ಲದ ಜೋಡಿಗೆ ರೈನರ್ ಕ್ನಿಜಿಯಾ 1999ರಲ್ಲಿ ತಂದ ಈ ಆಟಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲಿಲ್ಲ. ನಿಯಮ ಐದು ನಿಮಿಷದ್ದು. ಐದು ಬಣ್ಣ, ಬಣ್ಣಕ್ಕೆ 2ರಿಂದ 10ರವರೆಗೆ ಒಂದೊಂದು ಎಲೆ, ಜೊತೆಗೆ ಮೂರು ಪಂತದ ಎಲೆ, ಒಟ್ಟು 60. ಕೈಗೆ ಎಂಟೆಂಟು. ಸರದಿ ಬಂದಾಗ ಒಂದು ಎಲೆ ಇಡಬೇಕು ಅಥವಾ ಬಿಡಬೇಕು, ಆಮೇಲೆ ಒಂದು ಎತ್ತಬೇಕು. ಒಂದು ಬಣ್ಣದಲ್ಲಿ ಸಣ್ಣದರಿಂದ ದೊಡ್ಡದಕ್ಕೇ ಹೋಗಬೇಕು, ಹಿಂದಕ್ಕಿಲ್ಲ. ಎತ್ತುವ ಕಟ್ಟು ಮುಗಿದ ಕ್ಷಣವೇ ಸುತ್ತು ಮುಗಿಯಿತು.

ಸೊಗಸೆಲ್ಲ ಒಂದೇ ಅಂಕಿಯಲ್ಲಿದೆ: ಯಾವ ಬಣ್ಣ ಶುರು ಮಾಡಿದರೂ 20 ಅಂಕದ ಸಾಲ. ಕೆಂಪಿನಲ್ಲಿ 2, 4, 5, 7 ಇಟ್ಟಿರಿ ಅನ್ನಿ. ಕೂಡಿದರೆ 18, ಸಾಲ ಕಳೆದರೆ −2. ಮೊದಲು ಒಂದು ಪಂತದ ಎಲೆ ಇಟ್ಟಿದ್ದರೆ ಅದು ದುಪ್ಪಟ್ಟಾಗಿ −4. ಅದೇ 5, 7, 8, 10 ಆಗಿದ್ದರೆ 30ರಲ್ಲಿ 20 ಹೋಗಿ 10, ಪಂತವಿದ್ದರೆ 20.

ಹೊಸಬರು ಕೈಯಲ್ಲಿ ಇದ್ದದ್ದನ್ನೆಲ್ಲ ಇಟ್ಟು ಐದೂ ಬಣ್ಣ ತೆರೆಯುತ್ತಾರೆ. ಅದು ಯಾಕೆ ಕೈ ಕಚ್ಚುತ್ತದೆ ನೋಡಿ. 60ರಲ್ಲಿ ಹಂಚಿದ್ದು 16, ಉಳಿದದ್ದು 44. ಇಬ್ಬರೂ ಕಟ್ಟಿನಿಂದಲೇ ಎತ್ತಿದರೆ ಒಬ್ಬರಿಗೆ 22 ಸರದಿ. ಒಂದನ್ನೂ ಬಿಡದೆ ಎಲ್ಲ ಇಟ್ಟರೂ ಬಣ್ಣಕ್ಕೆ ನಾಲ್ಕು ಚಿಲ್ಲರೆ ಎಲೆ. ಸರಾಸರಿ 6ರಂತೆ ನಾಲ್ಕು ಎಲೆಗೆ 24, ಸಾಲ ತೀರಿಸಿ ಉಳಿಯುವುದು 4. ಎರಡು ಅಥವಾ ಮೂರು ಬಣ್ಣಕ್ಕೆ ನಿಂತುಬಿಡಿ. ಕಟ್ಟು ಅರ್ಧ ಇಳಿದ ಮೇಲೆ ಹೊಸ ಬಣ್ಣ ತೆರೆಯುವ ಮೊದಲು ಆ ಬಣ್ಣದ ಎಷ್ಟು ಮೊತ್ತ ಆಗಲೇ ಕೈಯಲ್ಲಿದೆ ಎಂದು ಎಣಿಸಿಕೊಳ್ಳಿ. ಇಡಬೇಕಾದ ಎಲೆ ಇನ್ನೂ ಕೈಯಲ್ಲಿದ್ದು ಕಟ್ಟು ಕರಗುತ್ತಿದ್ದರೆ, ಬಿಟ್ಟ ಎಲೆಗಳ ರಾಶಿಯಿಂದ ಎತ್ತಿ ಒಂದೆರಡು ಸರದಿ ಎಳೆಯಬಹುದು. ಎದುರಿನವರು ಹೀಗೆ ಬೇಡದ ಎಲೆ ಎತ್ತಲು ಶುರು ಮಾಡಿದರೆ ಅವರ ಕೈಯಲ್ಲಿ ಭಾರಿ ಎಲೆ ಕಾದಿದೆ ಎಂದೇ ತಿಳಿಯಿರಿ.

ಮಾರುಕಟ್ಟೆಯಿಂದ ಸರಕಿನ, ಒಂಟೆಯ ಎಲೆ ತೆಗೆದು ಮಾರುವ ಜೈಪುರ್ ಇದರ ಪಕ್ಕಕ್ಕೇ ಇಡಬಹುದಾದ ಇನ್ನೊಂದು. ಮೂರರಲ್ಲಿ ಎರಡು ಸುತ್ತು ಗೆದ್ದವರಿಗೆ ಆಟ. ಇಲ್ಲಿನ ಸಾಮಾನ್ಯ ತಪ್ಪು ಸಿಕ್ಕಿದ ಒಂಟೆಗಳನ್ನೆಲ್ಲ ಬಾಚಿಕೊಳ್ಳುವುದು. ನೀವು ಮೂರು ಒಂಟೆ ತೆಗೆದರೆ ಮಾರುಕಟ್ಟೆಗೆ ಮೂರು ಹೊಸ ಎಲೆ ಬರುತ್ತವೆ, ಮೊದಲು ಆರಿಸುವವರು ಎದುರಿನವರು.

ಒಂದೇ ಕಡೆ ಕೂರುವ ಆಟಗಳು

ಎದುರುಬದುರು ಬೇಡ, ಜೊತೆಗೂಡಿ ಆಡೋಣ ಎಂದರೆ ಅಲ್ಲೂ ಒಂದು ಹೊಂಡವಿದೆ. ಪ್ಯಾಂಡೆಮಿಕ್‌ನಂಥ ಆಟದಲ್ಲಿ ಎಲ್ಲ ಮಾಹಿತಿ ಮೇಜಿನ ಮೇಲೇ ಇರುತ್ತದೆ, ಹಾಗಾಗಿ ಹೆಚ್ಚು ತಿಳಿದವರು ಇಬ್ಬರ ಆಟವನ್ನೂ ತಾವೇ ಆಡಿಬಿಡುತ್ತಾರೆ. ಇನ್ನೊಬ್ಬರು ಹೇಳಿದ ಕಡೆ ಕಾಯಿ ಸರಿಸುವ ಕೂಲಿ. ಇದು ಸ್ವಭಾವದ ದೋಷವಲ್ಲ, ಆಟದ ರಚನೆಯೇ ಹಾಗೆ. ‘ಸುಮ್ಮನಿರು’ ಎಂದು ಹೇಳಿ ಪ್ರಯೋಜನವಿಲ್ಲ, ಆಟ ಬದಲಿಸಬೇಕು.

ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಆಟ ಹುಡುಕಿ. ಕೋಡ್‌ನೇಮ್ಸ್ ಡ್ಯುಯೆಟ್‌ನಲ್ಲಿ 25 ಪದ ಹರಡಿ, ಹಿಡಿಯಬೇಕಾದ ಪದಗಳನ್ನು ತೋರುವ, ನಡುವೆ ನಿಲ್ಲಿಸಿದ ಕಾರ್ಡಿನ ಒಂದೊಂದು ಬದಿ ಒಬ್ಬೊಬ್ಬರಿಗೆ ಕಾಣುತ್ತದೆ. ಪ್ರತಿ ಸಲ ಒಂದೇ ಪದದ ಸುಳಿವು ಕೊಡುತ್ತ 15 ಪದ ಕಂಡುಹಿಡಿಯಬೇಕು. ಸುಳಿವು ಕೊಟ್ಟವರು ಮುಖ ಗಂಟು ಹಾಕಿದರೆ ಅದೂ ಸುಳಿವೇ, ಆದ್ದರಿಂದ ಎದುರಿನವರು ಯೋಚಿಸುವಾಗ ಬೇರೆ ಕಡೆ ನೋಡುವುದು ರೂಢಿಯಾಗಲಿ. 2023ರ ಸ್ಕೈ ಟೀಮ್ ಇನ್ನೂ ಬಿಗಿ. ಒಬ್ಬರು ಪೈಲಟ್, ಒಬ್ಬರು ಸಹಪೈಲಟ್, ತಲಾ ನಾಲ್ಕು ದಾಳ, ನಡುವೆ ಮರೆ. ದಾಳ ಉರುಳಿಸುವ ಮೊದಲು ಎಷ್ಟಾದರೂ ಮಾತಾಡಿ, ಉರುಳಿಸಿದ ಮೇಲೆ ತುಟಿ ಪಿಟಕ್ಕೆನ್ನುವಂತಿಲ್ಲ. ನಾಲ್ಕರಲ್ಲಿ ಒಂದು ವಿಮಾನ ಓಲದಂತೆ ಹಿಡಿಯಲು, ಒಂದು ಎಂಜಿನ್‌ಗೆ ಕಡ್ಡಾಯ. ಉಳಿದ ಎರಡರಲ್ಲೇ ಮಿಕ್ಕೆಲ್ಲ ಕೆಲಸ. ಸೋಲುವುದು ಬಹುಪಾಲು ಈ ಎರಡು ಕಡ್ಡಾಯಗಳನ್ನು ಕೊನೆಗೆ ಉಳಿಸಿಕೊಂಡು ಹೊಂದದ ದಾಳ ಹಾಕಬೇಕಾಗಿ ಬಂದಾಗ. ಓಲಾಟದ ದಾಳವನ್ನು ಮೊದಲೇ ಇಟ್ಟುಬಿಡಿ, ಎದುರಿನವರು ಅದಕ್ಕೆ ಸರಿಯಾಗಿ ತಮ್ಮದನ್ನು ಆರಿಸಿಕೊಳ್ಳುತ್ತಾರೆ.

ಕಲಿಸುವವರಿಗೆ

ನಿಯಮ ಪುಸ್ತಕವನ್ನು ಆ ಸಂಜೆ ಗಟ್ಟಿಯಾಗಿ ಓದಬೇಡಿ. ಹಿಂದಿನ ದಿನವೇ ಓದಿ, ಇಬ್ಬರ ಪಾಳಿಯನ್ನೂ ಒಬ್ಬರೇ ನಾಲ್ಕೈದು ಸರದಿ ಆಡಿ ನೋಡಿ. ಹೇಳುವಾಗ ಗೆಲ್ಲುವುದು ಹೇಗೆ ಎಂಬುದು ಮೊದಲು, ಆಟ ಯಾವಾಗ ಮುಗಿಯುತ್ತದೆ ಎಂಬುದು ಆಮೇಲೆ, ಸರದಿಯಲ್ಲಿ ಏನು ಮಾಡಬಹುದು ಎಂಬುದು ಮೂರನೆಯದು. ಅಪವಾದಗಳು ಎದುರಾದಾಗ ಹೇಳಿದರಾಯಿತು. ಮೊದಲ ಸುತ್ತು ಎಲೆ ಬಿಚ್ಚಿಟ್ಟೇ ಆಡಿ, ಅಂಕ ಬರೆಯಬೇಡಿ. ಆಮೇಲೆ ಕೇಳದೆ ಸಲಹೆ ಕೊಡಬೇಡಿ, ಅವರು ತಪ್ಪು ನಡೆ ಇಡುತ್ತಿರುವುದು ಕಣ್ಣಿಗೆ ಕಂಡರೂ.

ಒಬ್ಬರೇ ಗೆಲ್ಲುತ್ತಿದ್ದರೆ ಬೇಕೆಂದೇ ಸೋಲುವುದು ಬೇಡ, ಅದು ತಕ್ಷಣ ಗೊತ್ತಾಗುತ್ತದೆ, ಗೊತ್ತಾದರೆ ಇನ್ನೂ ಕಷ್ಟ. ಬಹಿರಂಗವಾಗಿ ರಿಯಾಯಿತಿ ಇಡಿ: ಪ್ಯಾಚ್‌ವರ್ಕ್‌ನಲ್ಲಿ 5 ಗುಂಡಿಯ ಬದಲು ಹೊಸಬರಿಗೆ 8, ಚೆಸ್‌ನಲ್ಲಿ ಬಲ್ಲವರ ಒಂದು ಆನೆ ಕಡಿಮೆ. ಹೊಸಬರು ಎರಡು ಸಲ ಗೆದ್ದರೆ ರಿಯಾಯಿತಿ ಅರ್ಧಕ್ಕೆ ಇಳಿಯಲಿ.

ಯಾವುದು ಹಿಡಿಸುತ್ತದೋ ಗೊತ್ತಿಲ್ಲದಿದ್ದರೆ

ಏನೂ ಕೊಳ್ಳದೆ ಒಂದು ಇಸ್ಪೀಟು ಕಟ್ಟು ತೆಗೆದು ಜಿನ್ ರಮ್ಮಿ ಐದು ಸುತ್ತು ಆಡಿ. ಜೋಕರ್ ತೆಗೆದು 52 ಎಲೆ, ತಲಾ 10 ಹಂಚಿ, ಮುಂದಿನದನ್ನು ಬಿಚ್ಚಿಡಿ. ಒಂದು ಎತ್ತಿ ಒಂದು ಬಿಡುವುದು. ಒಂದೇ ಅಂಕಿಯ ಮೂರು–ನಾಲ್ಕು, ಇಲ್ಲವೇ ಒಂದೇ ಗುರುತಿನ ಸತತ ಮೂರು ಅಥವಾ ಹೆಚ್ಚು ಎಲೆ ಜೋಡಿಸಬೇಕು. ರಮ್ಮಿ ಆಡಿದವರು ನೆನಪಿಡಬೇಕಾದ್ದು, ಪ್ಯೂರ್ ಸೀಕ್ವೆನ್ಸ್ ಕಡ್ಡಾಯವಿಲ್ಲ. ಎಕ್ಕಕ್ಕೆ 1, ಗುಲಾಮ–ರಾಣಿ–ರಾಜನಿಗೆ 10. ಜೋಡಿಯಾಗದ ಎಲೆಗಳ ಮೊತ್ತ 10 ಅಥವಾ ಕಡಿಮೆಯಾದ ಕೂಡಲೇ ‘ನಾಕ್’ ಮಾಡಿ ಬಿಚ್ಚಬಹುದು. ಎದುರಿನವರು ತಮ್ಮ ಬಿಡಿ ಎಲೆಗಳನ್ನು ನಿಮ್ಮ ಜೋಡಿಗೆ ಸೇರಿಸಿದ ಮೇಲೆ ಉಳಿದ ವ್ಯತ್ಯಾಸ ನಿಮ್ಮ ಅಂಕ. ಅವರ ಮೊತ್ತವೇ ನಿಮ್ಮಷ್ಟಿದ್ದರೆ ಅಥವಾ ಕಡಿಮೆ ಇದ್ದರೆ ಅಂಕ ಅವರಿಗೆ, ಮೇಲೆ ಬೋನಸ್ಸೂ. 100 ಮುಟ್ಟಿದವರು ಗೆದ್ದರು. ಪೂರ್ತಿ ಜೋಡಿಯಾಗಲಿ ಎಂದು ಕಾಯುತ್ತ ಕೂರುವವರೇ ಇದರಲ್ಲಿ ಹೆಚ್ಚಾಗಿ ಸೋಲುವುದು. ನಾಲ್ಕೈದು ಎತ್ತಿನೊಳಗೆ 10ಕ್ಕೆ ಇಳಿದರೆ ಬಡಿದುಬಿಡಿ.

ಐದು ಸುತ್ತಿನ ಹೊತ್ತಿಗೆ ಎದುರಿಗಿರುವವರ ರುಚಿ ತಿಳಿಯುತ್ತದೆ. ಬಿಟ್ಟ ಎಲೆಗಳನ್ನೆಲ್ಲ ನೆನಪಿಟ್ಟು ನಿಮ್ಮ ಕೈಯನ್ನು ಊಹಿಸಿ ಖುಷಿಪಟ್ಟರೆ ದ ಫಾಕ್ಸ್ ಇನ್ ದ ಫಾರೆಸ್ಟ್ ತನ್ನಿ: 33 ಎಲೆಯ ತುರುಪಿನಾಟ, 13 ಪಟ್ಟುಗಳಲ್ಲಿ (ಇಬ್ಬರೂ ಒಂದೊಂದು ಎಲೆ ಇಳಿಸುವುದು ಒಂದು ಪಟ್ಟು) 10 ಅಥವಾ ಅದಕ್ಕಿಂತ ಹೆಚ್ಚು ಬಾಚಿದರೆ ದುರಾಸೆಗೆ ಸೊನ್ನೆ ಅಂಕ. ಬಡಿಯಲೋ ಕಾಯಲೋ ಎಂದು ತುಟಿ ಕಚ್ಚಿ ಕೂತರೆ ಲಾಸ್ಟ್ ಸಿಟೀಸ್. ಆಟಕ್ಕಿಂತ ಎಲೆಗಳನ್ನು ನೀಟಾಗಿ ಸಾಲು ಮಾಡುವುದೇ ಹಿತವೆನಿಸಿದಂತೆ ಕಂಡರೆ ಪ್ಯಾಚ್‌ವರ್ಕ್. ನಿಮ್ಮ ಕೆಟ್ಟ ಎಲೆ ನೋಡಿ ಅವರಿಗೇ ಅಯ್ಯೋ ಅನ್ನಿಸಿದರೆ ಸ್ಕೈ ಟೀಮ್.