ಮಗುವಿನ ವಸಡಿನಲ್ಲಿ ರಕ್ತ ಬಂದರೆ ಬ್ರಶ್ ಬಿಡಬೇಡಿ

"ಬ್ರಶ್ ಮಾಡುವಾಗ ರಕ್ತ ಬರ್ತದೆ ಮಾರಾಯ್ರೆ, ಹಾಗಾಗಿ ಈಗ ಸುಮ್ನೆ ಬಾಯಿ ಮುಕ್ಕಳಿಸಿ ಶಾಲೆಗೆ ಕಳಿಸುದು." ಉಡುಪಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಹಲ್ಲು ಕ್ಲೀನ್ ಮಾಡುವ ಕೆಲಸ ನನ್ನದು. ಅಮ್ಮಂದಿರಿಂದ ಈ ಮಾತು ಕೇಳದ ವಾರವೇ ಇಲ್ಲ. ನಾನು ಹೇಳುವುದೂ ಪ್ರತಿ ಸಲ ಒಂದೇ: ರಕ್ತ ಬರುವ ಜಾಗಕ್ಕೇ ಬ್ರಶ್ ಜಾಸ್ತಿ ಬೇಕು.

ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಮೆತ್ತಗಿನ ಬಿಳಿ ಪಾಚಿ ಕೂರುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ತೆಗೆಯದೆ ಬಿಟ್ಟರೆ ವಸಡು ಕೆಂಪಾಗಿ ಊದುತ್ತದೆ, ಮುಟ್ಟಿದರೆ ರಕ್ತ. ಇದೇ ಜಿಂಜಿವೈಟಿಸ್. ಮಕ್ಕಳ ವಸಡಿನ ತೊಂದರೆಗಳಲ್ಲಿ ಹೆಚ್ಚಿನವು ಇದೇ, ಮತ್ತು ಇದು ಪೂರ್ತಿ ವಾಸಿಯಾಗುತ್ತದೆ. 1965ರಲ್ಲಿ ಹೆರಾಲ್ಡ್ ಲೋ ಎಂಬ ಹಲ್ಲಿನ ಸಂಶೋಧಕರು ಡೆನ್ಮಾರ್ಕಿನಲ್ಲಿ ಕೆಲವರಿಗೆ ಬ್ರಶ್ ಮಾಡುವುದನ್ನೇ ಬಿಡಲು ಹೇಳಿ ನೋಡಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಬ್ರಶ್ ಶುರು ಮಾಡಿದ ಮೇಲೆ ತಾನಾಗಿ ಇಳಿಯಿತು.

ಮೊದಲು ತುಟಿ ಎತ್ತಿ, ಬೆಳಕಿನಲ್ಲಿ ನೋಡಿ. ನಮ್ಮ ಕಡೆ ಎಷ್ಟೋ ಮಕ್ಕಳ ವಸಡು ಕಂದು, ಕಪ್ಪು ಇರುತ್ತದೆ. ಅದು ಹುಟ್ಟಿನ ಬಣ್ಣ, ರೋಗವಲ್ಲ. ಅಂಚು ದಪ್ಪವಾಗಿ, ಮಿರಮಿರ ಹೊಳೆಯುತ್ತಿದೆಯಾ ಅಂತ ನೋಡಿ.

ಈಗ ಬ್ರಶ್. ಬಚ್ಚಲ ಕನ್ನಡಿ ಮುಂದೆ ಮಗುವನ್ನು ನಿಲ್ಲಿಸಿ ಮಾಡಿಸಿದರೆ ಮೇಲಿನ ವಸಡು ನಿಮಗೆ ಕಾಣುವುದೇ ಇಲ್ಲ. ಚಾಪೆ ಮೇಲೆ ಕೂತು ಮಗುವಿನ ತಲೆಯನ್ನು ತೊಡೆ ಮೇಲೆ ಇಟ್ಟುಕೊಳ್ಳಿ. ಒಂದು ಬೆರಳಿನಿಂದ ತುಟಿ ಎತ್ತಿ. ಸಣ್ಣ ತಲೆಯ, ಮೆದುವಾದ ಬ್ರಶ್ ಇರಲಿ. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಬರುವ ಹಾಗೆ ಓರೆಯಾಗಿ ಹಿಡಿದು, ಇದ್ದಲ್ಲೇ ಸಣ್ಣ ಸಣ್ಣ ಸುತ್ತು ಹಾಕಿ. ಹತ್ತು ಸುತ್ತಾದ ಮೇಲೆ ಪಕ್ಕದ ಎರಡು ಹಲ್ಲಿಗೆ ಹೋಗಿ. ಎಳೆ ಬಾಗಿ ಹರಡುತ್ತಿದ್ದರೆ ಜಾಸ್ತಿ ಒತ್ತುತ್ತಿದ್ದೀರಿ.

ಹೆಚ್ಚಿನವರ ಕೈ ತಪ್ಪುವುದು ಎರಡು ಕಡೆ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿ. ಜೊಲ್ಲು ಬಾಯಿಗೆ ಬರುವುದೇ ಅಲ್ಲಿಂದ. ಹಾಗಾಗಿ ಅಲ್ಲಿಯ ಪಾಚಿ ಬೇಗ ಗಟ್ಟಿಯಾಗಿ ಕಲ್ಲಾಗುತ್ತದೆ. ಕಲ್ಲಾದದ್ದು ಬ್ರಶ್ಶಿಗೆ ಬಗ್ಗುವುದಿಲ್ಲ, ಕ್ಲಿನಿಕ್ಕಿನಲ್ಲೇ ತೆಗೆಸಬೇಕು. ಮೇಲಿನ ದವಡೆ ಉಜ್ಜುವಾಗ "ಆ" ಅನ್ನಿಸಬೇಡಿ. ಪೂರ್ತಿ ಬಾಯಿ ತೆರೆದರೆ ಕೆನ್ನೆ ಬಿಗಿದು ಬ್ರಶ್ ಒಳಗೆ ಹೋಗುವುದಿಲ್ಲ. ಅರ್ಧ ಮುಚ್ಚು ಅನ್ನಿ, ಸಲೀಸಾಗಿ ಹೋಗುತ್ತದೆ.

ಮೊದಲ ಕೆಲವು ದಿನ ನೊರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟ ಆದ ಮೇಲೆ ಒಮ್ಮೆ, ಎರಡೆರಡು ನಿಮಿಷ. ಒಂದೆರಡು ವಾರದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ತೋರಿಸಿ. ಫ್ಲೋರೈಡ್ ಇರುವ ಪೇಸ್ಟ್ ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ ಉದ್ದಕ್ಕೂ ಸುರಿಯುವುದು ಪೇಸ್ಟ್ ಖರ್ಚಾಗಲಿ ಅಂತ. ಏಳೆಂಟು ವರ್ಷದವರೆಗೆ ಮಗು ತಾನೇ ಮಾಡಿದರೂ ಕೊನೆಗೆ ನಿಮ್ಮ ಕೈ ಒಮ್ಮೆ ಓಡಲಿ.

ಅಜ್ಜಿಯ ಮಾವಿನ ಎಲೆಯ ಜೊತೆ ನನಗೆ ಜಗಳವಿಲ್ಲ, ಬ್ರಶ್ಶೂ ಆದರೆ ಸರಿ. ಆದರೆ ಮಸಿ, ಉಪ್ಪು ಹಾಕಿ ಎಳೆ ವಸಡನ್ನು ಉಜ್ಜಬೇಡಿ, ಕೆರೆದು ಗಾಯವಾಗುತ್ತದೆ. ಲವಂಗದ ಎಣ್ಣೆ ಮಕ್ಕಳ ವಸಡನ್ನು ಸುಡುತ್ತದೆ. ಹಲ್ಲು ಬರುವ ಕೂಸಿಗೆ ವಸಡು ಮರಗಟ್ಟಿಸುವ ಬೆಂಜೊಕೇನ್ ಇರುವ ಜೆಲ್ ಹಚ್ಚಲೇಬೇಡಿ, ಎರಡು ವರ್ಷದೊಳಗಿನವರಿಗೆ ಅದು ಅಪಾಯ. ತೊಳೆದ ಬೆರಳಿನಿಂದ ಮೆಲ್ಲ ತಿಕ್ಕಿದರೆ ಸಾಕು.

ಒಂದೇ ಹಲ್ಲಿನ ಹತ್ತಿರ ಇದ್ದಕ್ಕಿದ್ದ ಹಾಗೆ ಊದಿದರೆ, ನಿನ್ನೆ ಎಂತ ತಿಂದದ್ದು ಅಂತ ಕೇಳಿ. ಬೂತಾಯಿ ಮೀನಿನ ಸಣ್ಣ ಮುಳ್ಳು, ಪಾಪ್‌ಕಾರ್ನಿನ ಸಿಪ್ಪೆ, ಮಾವಿನ ನಾರು ಇವೆಲ್ಲ ವಸಡಿನೊಳಗೆ ಸಿಕ್ಕಿಕೊಳ್ಳುತ್ತವೆ. ಹಲ್ಲಿನ ಸಂದಿಗೆ ಫ್ಲಾಸ್ ದಾರ ಹಾಕಿ ಮೆಲ್ಲ ಎಳೆಯಿರಿ. ಸೇಫ್ಟಿ ಪಿನ್ ಬೇಡವೇ ಬೇಡ. ಆರು ವರ್ಷದ ಹೊತ್ತಿಗೆ ಕೊನೆಯಲ್ಲಿ ವಸಡು ಊದಿದ್ದರೆ ದೊಡ್ಡ ದವಡೆ ಹಲ್ಲು ಬರುತ್ತಿರಬಹುದು. ಕೆನ್ನೆ ಕಡೆಯಿಂದ ಬ್ರಶ್ ಅಡ್ಡ ಹಾಕಿ ಅಲ್ಲಿ ಉಜ್ಜಿ. ಮೇಲಿನ ಮುಂದಿನ ವಸಡು ಮಾತ್ರ ಯಾವಾಗಲೂ ಕೆಂಪಿದ್ದರೆ, ಮಗು ಬಾಯಿ ತೆರೆದು ಮಲಗುತ್ತದಾ ನೋಡಿ. ಮೂಗಿನ ಡಾಕ್ಟರಿಗೆ ತೋರಿಸಬೇಕಾದೀತು.

ಇನ್ನು ಕೆಲವಕ್ಕೆ ಕಾಯುವಂತಿಲ್ಲ. ಜ್ವರ ಬಂದು, ವಸಡು ಪೂರ್ತಿ ಕೆಂಪಾಗಿ ಊದಿ, ಬಾಯಿ ತುಂಬ ಹುಣ್ಣಾಗಿ ಮಗು ಏನೂ ತಿನ್ನದಿದ್ದರೆ ಅದು ಹರ್ಪಿಸ್ ವೈರಸ್ ಇರಬಹುದು. ಮೊದಲ ಎರಡು ಮೂರು ದಿನದಲ್ಲೇ ಮಕ್ಕಳ ಡಾಕ್ಟರಿಗೆ ತೋರಿಸಿ. ಆರಿದ ಗಂಜಿ ತಿಳಿ, ಬೊಂಡದ ನೀರು (ಎಳನೀರು) ಗುಟುಕು ಗುಟುಕಾಗಿ ಕುಡಿಸುತ್ತಿರಿ. ಮೂತ್ರ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹುಳುಕು ಹಲ್ಲಿನ ಪಕ್ಕ ಕೀವಿನ ಗುಳ್ಳೆ ಇದ್ದರೆ ತೊಂದರೆ ಬೇರಿನಲ್ಲಿದೆ, ಹಿಂಡಬೇಡಿ. ಬೀಳದೆ, ಪೆಟ್ಟಾಗದೆ ಐದು ವರ್ಷದೊಳಗೇ ಹಾಲು ಹಲ್ಲು ಅಲುಗಾಡಿದರೆ, ಮುಟ್ಟದೆಯೂ ರಕ್ತ ಜಿನುಗಿ ಮೈಮೇಲೆ ನೀಲಿ ಕಲೆ ಬಿದ್ದರೆ ತಕ್ಷಣ ತೋರಿಸಿ. ಅಪಸ್ಮಾರಕ್ಕೆ ಕೊಡುವ ಫೆನಿಟೋಯಿನ್ ಮಾತ್ರೆಯಿಂದ ವಸಡು ಬೆಳೆದು ಹಲ್ಲು ಮುಚ್ಚುವುದುಂಟು. ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮಣಿಪಾಲ, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಮಕ್ಕಳಿಗೆ ಬೇರೆಯೇ ವಿಭಾಗ ಉಂಟು. ಎಲ್ಲಿಗೆ ಹೋದರೂ ಮಾತ್ರೆ ಚೀಟಿ ಜೊತೆಗಿರಲಿ. ಮಗುವಿನ ಬ್ರಶ್ಶನ್ನೂ ಚೀಲಕ್ಕೆ ಹಾಕಿಕೊಳ್ಳಿ. ನಿಮ್ಮ ಕೈಯಲ್ಲೇ ಒಮ್ಮೆ ಉಜ್ಜಿಸಿ ನೋಡಿದರೆ ಯಾವ ಮೂಲೆ ಬಿಟ್ಟುಹೋಗುತ್ತಿದೆ ಅಂತ ಅಲ್ಲೇ ಹೇಳಿಬಿಡಬಹುದು.